ಬೋಳುಗುಡ್ಡವೆಂದು ಕರೆಯುವ ಮೊದಲು

ಪ್ರತಿ ವರ್ಷ ಮುಂಗಾರು ಹಿಡಿಯುತ್ತಲೇ ವನಮಹೋತ್ಸವದ ಸಸಿಗಳು ಗುಡ್ಡ ಹತ್ತುತ್ತವೆ. ಬಾತಿ ಗುಡ್ಡದಂತಹ ಬಯಲುಸೀಮೆಯ ಗುಡ್ಡವಿರಲಿ, ಬಾಬಾಬುಡನ್ ಗಿರಿಯ ಹುಲ್ಲುಗಾವಲಿರಲಿ, ಮರವಿಲ್ಲದ ಎತ್ತರವೆಲ್ಲ ನಮ್ಮ ಕಣ್ಣಿಗೆ ಬೋಳು. ಬೋಳು ಎಂದರೆ ಹಿಂದೆ ಕಾಡಾಗಿದ್ದು ಮನುಷ್ಯ ಕಡಿದು ಹಾಳುಗೆಡವಿದ ಜಾಗವೆಂಬುದು ನಮ್ಮ ಊಹೆ. ಈ ಊಹೆಯನ್ನು ಹೆಚ್ಚು ಹರಡಿದವರು ಪರಿಸರದ ಕೆಲಸದಲ್ಲಿ ತೊಡಗಿರುವ ನಾವೇ. ಇದು ಎಲ್ಲೆಡೆಯೂ ನಿಜವಲ್ಲವೆಂಬುದಕ್ಕೆ ನೀಲಗಿರಿಯ ಜೌಗುನೆಲದ ಕಪ್ಪು ಮಣ್ಣಿನಲ್ಲಿ ಸಾಕ್ಷ್ಯ ದೊರೆತು ಮೂವತ್ತು ವರ್ಷಗಳಿಗೂ ಹೆಚ್ಚಾಯಿತು.

ಆ ಸಾಕ್ಷ್ಯವನ್ನು ಅರಿಯಲು ಬಾತಿಯ ಸುತ್ತಲಿನ ಬೆಳೆಗಳಿಂದಲೇ ಆರಂಭಿಸಬಹುದು. ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು 99 ಹನ್ನೆರಡರ ತೂಕದವು, ಉಳಿದೊಂದು ಹದಿಮೂರರ ತೂಕದ್ದು. ಇವೆರಡೂ ಕಾಲ ಕಳೆದಂತೆ ನಶಿಸುವುದಿಲ್ಲವಾದ್ದರಿಂದ ಇವಕ್ಕೆ ಸ್ಥಿರ ಸಮಸ್ಥಾನಿಗಳೆಂದು ಹೆಸರು. ಭತ್ತ, ಹತ್ತಿ, ಅಡಿಕೆ, ತೆಂಗು ಹಾಗೂ ಹೆಚ್ಚುಕಡಿಮೆ ಎಲ್ಲ ಮರಗಳು ಗಾಳಿಯಿಂದ ಇಂಗಾಲವನ್ನು ಹೀರುವಾಗ ಭಾರದ ಪರಮಾಣುವನ್ನು ಆದಷ್ಟೂ ದೂರವಿಡುತ್ತವೆ. ಮೆಕ್ಕೆಜೋಳ, ಜೋಳ, ರಾಗಿ, ಕಬ್ಬು ಮತ್ತು ಬಿಸಿಲುನಾಡಿನ ಬಹುಪಾಲು ಹುಲ್ಲುಗಳು ಅಷ್ಟೊಂದು ಆಯುವುದಿಲ್ಲ. ಒಂದು ಗೊತ್ತಾದ ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಇಷ್ಟು ಎಂದು ಅಳೆದರೆ ಭತ್ತದ ಗುಂಪು ಋಣ 27ರ ಆಸುಪಾಸಿನಲ್ಲಿ, ಜೋಳದ ಗುಂಪು ಋಣ 13ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಭತ್ತದ ಹುಲ್ಲನ್ನೂ ಮೆಕ್ಕೆಜೋಳದ ದಂಟನ್ನೂ ಗುರುತು ಸಿಗದಂತೆ ಪುಡಿಮಾಡಿ ಕೊಟ್ಟರೂ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಯಾವುದು ಯಾವುದೆಂದು ಹೇಳಬಲ್ಲದು. ಸಸ್ಯ ಸತ್ತು ಮಣ್ಣಾದ ಮೇಲೂ ಈ ಗುರುತು ಬಹುಮಟ್ಟಿಗೆ ಉಳಿಯುತ್ತದೆ.

ನೀಲಗಿರಿಯ ಮೇಲ್ಭಾಗದಲ್ಲಿ, ಸ್ಯಾಂಡಿನಲ್ಲದಂತಹ ಕಣಿವೆಗಳಲ್ಲಿ, ನೀರು ನಿಂತ ತಗ್ಗುಗಳಿವೆ. ಅಲ್ಲಿ ಗಾಳಿಯಾಡದ ಕಾರಣ ಸತ್ತ ಸಸ್ಯಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡಿಕೊಳ್ಳುತ್ತವೆ. ಇದನ್ನೇ ಪೀಟ್ ಎನ್ನುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ಆರ್. ರಮೇಶ್, ಆರ್. ಕೆ. ಪಂತ್ ಮತ್ತು ಜಿ. ರಾಜಗೋಪಾಲನ್ ಅವರೊಡನೆ ಈ ಪದರಗಳ ಇಂಗಾಲವನ್ನು ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪದರಗಳ ವಯಸ್ಸನ್ನು ತಿಳಿಸಿದ್ದು ಹದಿನಾಲ್ಕರ ತೂಕದ, ನಶಿಸುವ ಗುಣವುಳ್ಳ ಇಂಗಾಲ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದ ಪರಾಕಾಷ್ಠೆಯಲ್ಲಿ, ಅಲ್ಲಿ ಮಳೆ ಕ್ಷೀಣಿಸಿ ಜೋಳದ ಗುಂಪಿನ ಹುಲ್ಲುಗಳು ಹರಡಿದ್ದವು. ಸುಮಾರು 10–11 ಸಾವಿರ ವರ್ಷಗಳ ಹಿಂದೆ ಮುಂಗಾರು ಬಲಗೊಂಡು ತೇವವನ್ನು ಬಯಸುವ ಸಸ್ಯಗಳು ಹೆಚ್ಚಿದವು. ಅನಂತರ ಮತ್ತೆ ಕೆಲವು ಸಾವಿರ ವರ್ಷ ಒಣಹವೆ. ಸುಮಾರು 600 ವರ್ಷಗಳ ಹಿಂದೆ, ಎಂದರೆ ವಿಜಯನಗರದ ಕಾಲದಲ್ಲಿ, ಅಲ್ಪಾವಧಿಯ ಸಮೃದ್ಧ ಮಳೆ. 1997ರಲ್ಲಿ ಈ ದಾಖಲೆಯನ್ನು 40 ಸಾವಿರ ವರ್ಷಗಳವರೆಗೆ ಹಿಂದಕ್ಕೆ ವಿಸ್ತರಿಸಲಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ವಿದ್ಯಾರ್ಥಿಗಳಿಗಾಗಿ. ಯುರೋಪಿನ ಶೀತಪ್ರದೇಶಗಳಲ್ಲಿ ಪೀಟನ್ನು ಕಟ್ಟುವುದು ಬಹುಪಾಲು ಸ್ಫ್ಯಾಗ್ನಂ ಎಂಬ ಹಾವಸೆ. ಅದಕ್ಕೆ ಬೇರಿಲ್ಲ, ಎಲೆಯಲ್ಲಿ ಪತ್ರರಂಧ್ರಗಳಿಲ್ಲ. ನೀರು ಹೆಚ್ಚಾಗಿ ಎಲೆಯ ಮೇಲೆ ಪೊರೆಗಟ್ಟಿದಾಗ ಇಂಗಾಲದ ಡೈಆಕ್ಸೈಡ್ ಒಳಗಿಳಿಯುವುದು ನಿಧಾನವಾಗುತ್ತದೆ. ಆಯ್ಕೆಗೆ ಅವಕಾಶವಿಲ್ಲದೆ ಹಾವಸೆ ಭಾರದ ಇಂಗಾಲವನ್ನೂ ಬಳಸಿಕೊಳ್ಳುತ್ತದೆ. ಹೀಗಾಗಿ ಅಲ್ಲಿ ಭಾರದ ಇಂಗಾಲ ಹೆಚ್ಚಿದರೆ ತೇವ ಹೆಚ್ಚಿತ್ತೆಂದು ಅರ್ಥ. ನೀಲಗಿರಿಯಲ್ಲಿ ಅದೇ ಹೆಚ್ಚಳಕ್ಕೆ ಬರವೆಂದು ಅರ್ಥ. ಸಸ್ಯವನ್ನು ಅರಿಯದೆ ಅಂಕಿಯನ್ನು ಮಾತ್ರ ಓದಿದರೆ ಮಳೆಗಾಲ ಬರಗಾಲವಾಗಿಬಿಡುತ್ತದೆ. ನೀಲಗಿರಿಯಲ್ಲೂ ಎಲ್ಲವನ್ನೂ ಮಳೆಗೇ ಆರೋಪಿಸುವಂತಿಲ್ಲ. ಹಿಮಯುಗದಲ್ಲಿ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 190 ಪಾಲು ಮಾತ್ರ, ಇಂದು 420ನ್ನೂ ಮೀರಿದೆ. ಆ ಕೊರತೆಯೂ ಜೋಳದ ಗುಂಪಿಗೆ ಅನುಕೂಲವೇ ಆಗಿತ್ತು.

ಆದರೂ ಒಂದು ಸಂಗತಿ ಅಲುಗಾಡುವುದಿಲ್ಲ. ಕೊಡಲಿ ಹಿಡಿದ ಬೇಸಾಯಗಾರ ಆ ಬೆಟ್ಟವನ್ನು ಹತ್ತುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಅಲ್ಲಿ ಹುಲ್ಲುಗಾವಲಿತ್ತು. ತೋಡರ ಎಮ್ಮೆಗಳಾಗಲಿ, ಉತ್ತರದಿಂದ, ಎಂದರೆ ನಮ್ಮ ಸೀಮೆಯ ಕಡೆಯಿಂದ, ಹೋಗಿ ನೆಲೆಸಿದವರೆಂಬ ಹೆಸರನ್ನೇ ಹೊತ್ತ ಬಡಗರ ಬೇಸಾಯವಾಗಲಿ ಅದನ್ನು ಸೃಷ್ಟಿಸಲಿಲ್ಲ. ಹಾಗಿದ್ದೂ ಬ್ರಿಟಿಷರ ಕಾಲದಿಂದ ಆ ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆದು ಆಸ್ಟ್ರೇಲಿಯದ ವಾಟಲ್ ಮತ್ತು ನೀಲಗಿರಿ ಮರಗಳನ್ನು ನೆಡಲಾಯಿತು. ಕೆಲವು ಜೌಗುಗಳ ನೀರು ಬಸಿದು ಸಾಗುವಳಿ ಮಾಡಿದರು, ಕೆಲವು ಅಣೆಕಟ್ಟುಗಳ ಹಿನ್ನೀರಿನಲ್ಲಿ ಮುಳುಗಿದವು. ಬಸಿದ ಪೀಟ್ ಗಾಳಿ ತಗುಲಿ ಕೊಳೆಯುತ್ತದೆ, ಒಣಗಿದರೆ ಉರಿಯುತ್ತದೆ. ಸಾವಿರಾರು ವರ್ಷಗಳ ಮಳೆಯ ಲೆಕ್ಕಪುಸ್ತಕ ಹೊಗೆಯಾಗಿ ಹೋಗುವುದಲ್ಲದೆ ಬೇಸಿಗೆಯಲ್ಲಿ ಹೊಳೆಗೆ ನೀರುಣಿಸುವ ಸ್ಪಂಜೂ ಇಲ್ಲವಾಗುತ್ತದೆ. ನಮ್ಮ ಮಲೆನಾಡಿನ ಗಿರಿಗಳ ಹುಲ್ಲಿನ ತಗ್ಗುಗಳಲ್ಲಿ ಸದಾ ಜಿನುಗುವ ನೆಲವನ್ನು ಕಂಡವರು ಅಲ್ಲಿ ಅಕೇಶಿಯಾ ನೆಡುವ ಪ್ರಸ್ತಾಪ ಬಂದಾಗ ಸುಮ್ಮನಿರಬಾರದು. ಮರ ನೆಡುವುದನ್ನು ವಿರೋಧಿಸುವವರು ಪರಿಸರದ್ರೋಹಿಗಳೆಂಬ ಮೂದಲಿಕೆ ಬರುತ್ತದೆ, ಬರಲಿ.

ನೀಲಗಿರಿಯ ತೀರ್ಪನ್ನು ಹಾಗೆಯೇ ಬಾತಿ ಗುಡ್ಡಕ್ಕೆ ಅನ್ವಯಿಸಲಾಗದು, ನಿಜ. ಇದು ಮಳೆ ಕಡಿಮೆಯ ಸೀಮೆ, ಇಲ್ಲಿ ಪೀಟ್ ಇಲ್ಲ. ನಮಗಿರುವುದು ಕೆರೆಯ ಹೂಳು. ದಾವಣಗೆರೆ–ಹರಿಹರ ರಸ್ತೆಯ ಪಕ್ಕದ ಬಾತಿ ಕೆರೆಯಂತಹ ಕೆರೆಗಳ ತಳದಲ್ಲಿ ಸುತ್ತಲಿನಿಂದ ಕೊಚ್ಚಿ ಬಂದ ಮಣ್ಣು ಸೇರಿರುತ್ತದೆ. ಗುಡ್ಡದ ಹುಲ್ಲೇ, ಮರವೇ, ಜೋಳದ ಹೊಲವೇ, ಗದ್ದೆಯೇ ಎಂಬ ಗುರುತು ಅದರ ಇಂಗಾಲದಲ್ಲಿರುತ್ತದೆ. ಪೀಟಿನಷ್ಟು ನಂಬಿಕೆಗೆ ಅರ್ಹವಾದ ದಾಖಲೆ ಇದಲ್ಲ. ಕೆರೆ ಬತ್ತುತ್ತದೆ, ದನ ತುಳಿಯುತ್ತವೆ, ರೈತರು ಗೋಡು ಹೊತ್ತೊಯ್ಯುತ್ತಾರೆ. ಆದರೂ ಆಳದ ಪದರಗಳು ಅಲ್ಲಲ್ಲಿ ಕದಡದೆ ಉಳಿದಿರಬಹುದು.

ಹೂಳೆತ್ತಬಾರದೆಂದು ಈ ಲೇಖಕ ಹೇಳುತ್ತಿಲ್ಲ. ಹೂಳೆತ್ತದಿದ್ದರೆ ಕೆರೆಯೇ ಉಳಿಯದು. ಯಂತ್ರ ಇಳಿಯುವ ಮೊದಲು ಒಂದೆರಡು ಕಡೆ ಕೊಳವೆ ಇಳಿಸಿ ಪದರ ಕೆಡದಂತೆ ಮಾದರಿ ತೆಗೆದಿಡಬೇಕೆಂಬುದಷ್ಟೇ ಕೋರಿಕೆ. ತೋಳಹುಣಸೆಯಲ್ಲಿ 2009ರಿಂದ ವಿಶ್ವವಿದ್ಯಾನಿಲಯವೇ ಇದೆ, ಅಳೆಯುವ ಯಂತ್ರಗಳು ಬೆಂಗಳೂರಿನಲ್ಲಿವೆ. ಹೂಳೆತ್ತುವ ತೀರ್ಮಾನ ಗ್ರಾಮಸಭೆಯ ಮುಂದೆ ಬಂದಾಗ ಕೊಳವೆಯ ಮಾತನ್ನೂ ನಡಾವಳಿಯಲ್ಲಿ ಬರೆಸಬಹುದು. ಆ ಕೆಲಸಕ್ಕೆ ಬೇಕಾಗುವುದು ಒಂದು ದಿನ.