ಐಎಸ್‌ಎಸ್‌ಎನ್ ಇದೆಯಾ?

ಎಂ.ಎ. ಕಿರುಪ್ರಬಂಧವೊಂದರ ಮೌಖಿಕ ಪರೀಕ್ಷೆಗೆ ನಾನೂ ಕೂತಿದ್ದೆ. ಹುಡುಗಿಯ ವಿಷಯ ಹಲ್ಮಿಡಿ ಶಾಸನ. ಜೊತೆಗಿದ್ದ ಪರೀಕ್ಷಕರು ಪುಟ ತಿರುವಿ, "ಇದು ವಾರಪತ್ರಿಕೆ ಲೇಖನ ಅಲ್ವೇನಮ್ಮಾ? ಜನಪ್ರಿಯ ಬರಹ. ಐಎಸ್‌ಎಸ್‌ಎನ್ ಇದೆಯಾ?" ಅಂದರು. "ಇಲ್ಲ ಸರ್." ಕೆಂಪು ಗೀಟು ಬಿತ್ತು. ತಿದ್ದಿ ತರಬೇಕಂತೆ.

ಐಎಸ್‌ಎಸ್‌ಎನ್ ಅಂದ್ರೆ ಏನು ಮಹಾ? ಪತ್ರಿಕೆಯನ್ನು ಗುರುತಿಸೋಕೆ ಕೊಡುವ ಎಂಟು ಅಂಕಿಯ ನಂಬರು, ಅಷ್ಟೆ. ಸಿನಿಮಾ ಪತ್ರಿಕೆಯೂ ಪಡೆಯಬಹುದು. ಬೈಕಿನ ನಂಬರ್ ಪ್ಲೇಟ್ ನೋಡಿ ಸವಾರನಿಗೆ ಓಡಿಸೋಕೆ ಬರುತ್ತೆ ಅಂತ ಹೇಳ್ತೀರಾ? ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕಿ ಕೊಡುವ 'ಅಂತರರಾಷ್ಟ್ರೀಯ' ಜರ್ನಲ್‌ಗಳಿಗೂ ಅದು ಇರುತ್ತೆ.

ಅಂಥದ್ದೇ ಒಂದು ಜರ್ನಲ್ಲಿನ ಲೇಖನವೂ ಆ ಪ್ರಬಂಧದಲ್ಲಿತ್ತು. ಅದಕ್ಕೆ ಗೀಟು ಬೀಳಲಿಲ್ಲ. ಹಲ್ಮಿಡಿಯ ಕಾಲ ಕ್ರಿ.ಶ. 450 ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿತ್ತು. ಹೇಗೆ ಗೊತ್ತು? ಮಾತಿಲ್ಲ. ಗೀಟು ಬಿದ್ದ ವಾರಪತ್ರಿಕೆ ಲೇಖನವೋ, ಕಲ್ಲಿನ ಮೇಲೆ ಇಸವಿಯೇ ಇಲ್ಲ ಅಂತ ಮೊದಲು ಹೇಳಿ, ಲಿಪಿ ನೋಡಿ, ಕಾಕುಸ್ಥನ ಹೆಸರು ಹಿಡಿದು ವಿದ್ವಾಂಸರು ಕಾಲವನ್ನು ಊಹಿಸಿದ್ದು ಹೇಗೆ, ಆ ಊಹೆಗೆ ತಕರಾರು ಎಲ್ಲಿ ಅಂತ ವಿವರಿಸಿತ್ತು. ಹದಿನಾರು ಸಾಲಿನ ಪಾಠವನ್ನೂ ಕೊಟ್ಟಿತ್ತು. ಓದಿದವರು ಅದರ ಜೊತೆ ಜಗಳ ಆಡಬಹುದು. ಆ ಜರ್ನಲ್ ಲೇಖನದ ಜೊತೆ ಏನಂತ ಜಗಳ ಆಡೋದು?

ಹಾಗಂತ ಪೇಪರಲ್ಲಿ ಬಂದಿದ್ದೆಲ್ಲಾ ನಡೆಯುತ್ತೆ ಅಂತಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಶಾಸನ ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯದು ಅಂತ ಸುದ್ದಿ ಬಂತು. ನಮ್ಮ ಹುಡುಗರು ಉತ್ತರಪತ್ರಿಕೆಯಲ್ಲಿ 450 ಹೊಡೆದು 370 ಬರೆದರು. ಯಾರು ಓದಿದ್ದು, 370 ಯಾಕೆ, ಒಬ್ಬನೂ ಕೇಳಲಿಲ್ಲ. ಸುದ್ದಿ ನೋಡಿ ಉತ್ಖನನದ ವರದಿ ಹುಡುಕಿಕೊಂಡು ಹೋಗಬೇಕು, ಸುದ್ದಿಯನ್ನೇ ಅಡಿಟಿಪ್ಪಣಿಗೆ ಅಂಟಿಸಬಾರದು. ವಿದ್ವತ್ ಪತ್ರಿಕೆಗೆ ಬೆಲೆ ಬಂದಿರೋದೂ ನಂಬರಿನಿಂದಲ್ಲ. ಆ ವಿಷಯ ಬಲ್ಲ ಇನ್ನಿಬ್ಬರು ಅಚ್ಚಿಗೆ ಮುಂಚೆ ಓದಿ ತಪ್ಪು ಹುಡುಕಿರುತ್ತಾರೆ ಅನ್ನೋದರಿಂದ. ಓದಿದ್ದಾರಾ ಅಂತ ವಿಚಾರಿಸೋಕೆ ಕಷ್ಟಪಡಬೇಕು. ನಂಬರು ನೋಡೋದು ಸುಲಭ, ಮೇಷ್ಟ್ರು ಲೇಖನ ಓದೋ ಕೆಲಸವೇ ಉಳಿಯುತ್ತೆ.

ಆವತ್ತು ನಾನೂ ಬಾಯಿ ಬಿಡದೆ ಸಹಿ ಹಾಕಿ ಎದ್ದೆ. ಹುಡುಗಿ ಹೊರಗೆ ಕಾಯ್ತಿದ್ದಳು. "ಸರ್, ಆ ಹದಿನಾರು ಸಾಲೂ ತೆಗೀಬೇಕಾ?"

"ಬೇಡಮ್ಮ. ಎಂ.ಎಚ್. ಕೃಷ್ಣ ಅವರು ಹೊರತಂದ ಮೈಸೂರು ಪುರಾತತ್ವ ಇಲಾಖೆಯ 1936ರ ವರದಿ ತೆಗೆದು ಪಾಠ ಹೋಲಿಸಿ ನೋಡು."

"ಆ ವಾರಪತ್ರಿಕೆ ಲೇಖನದಲ್ಲೂ ಅದರ ಹೆಸರಿತ್ತು ಸರ್. ಹುಡುಕಿದೆ, ನಮ್ಮ ಲೈಬ್ರರಿಯಲ್ಲಿಲ್ಲ."

ಆ ಜರ್ನಲ್ಲಿನ ಸಂಚಿಕೆಗಳು ಮಾತ್ರ ಬೈಂಡಾಗಿ ಅದೇ ಲೈಬ್ರರಿಯ ಕಪಾಟಿನಲ್ಲಿ ಸಾಲಾಗಿ ಕೂತಿವೆ.