ಧಾರಣೆ ಹೇಳದ ಸಂವಾದ ಯಾರಿಗೆ?

2024ರಲ್ಲಿ ನ್ಯೂಜೆರ್ಸಿಯ ನಮ್ಮೂರ ಲೈಬ್ರರಿಯಲ್ಲಿ ನಾನೂ ಒಂದು ಸಂವಾದ ಏರ್ಪಡಿಸಿದ್ದೆ. ‘ಸ್ಥಳೀಯ ಪತ್ರಿಕೋದ್ಯಮ ಮತ್ತು ಎಲ್ಲರನ್ನೂ ಒಳಗೊಳ್ಳುವ ಆರ್ಥಿಕತೆ’ ಎಂದು ಅದಕ್ಕೊಂದು ಭಾರವಾದ ಹೆಸರು. ನಿವೃತ್ತ ಪ್ರೊಫೆಸರು, ಬ್ಯಾಂಕಿನವರು, ಇಬ್ಬರು ಪತ್ರಕರ್ತರು, ನಮ್ಮಂಥ ಐಟಿ ಮಂದಿ ಬಂದಿದ್ದರು. ಪಕ್ಕದ ಬೀದಿಯ ಇಂಡಿಯನ್ ಹೋಟೆಲಿನಿಂದ ಇಡ್ಲಿ, ವಡೆ ತರಿಸಿದ್ದೆ. ಅದನ್ನು ಹೊತ್ತು ತಂದ ಮಂಡ್ಯ ಕಡೆಯ ಹುಡುಗ ಬಾಗಿಲಲ್ಲಿ ನಿಂತು ಬ್ಯಾನರ್ ಓದಿದ. “ಇದು ನಮ್ಮಂಥೋರ ಬಗ್ಗೆನಾ ಸಾರ್?” ಎಂದ. “ಹೌದಪ್ಪ, ಬಾ ಕೂತ್ಕೋ” ಎಂದೆ. “ಡಿನ್ನರ್ ಟೈಮು ಸಾರ್, ಹೋಟ್ಲಲ್ಲಿ ರಷ್ ಇರತ್ತೆ” ಎಂದು ಹೊರಟೇಹೋದ.

ಇಂಥ ಸಭೆಗಳ ಮೇಲೆ ನನ್ನ ತಕರಾರು ಅಂದು ಶುರುವಾಯಿತು. ಯಾರ ಬದುಕಿನ ಬಗ್ಗೆ ಮಾತಾಡುತ್ತೇವೋ ಅವರು ಬರಲಾಗದ ಹೊತ್ತಿನಲ್ಲೇ ಸಭೆ ಕರೆಯುತ್ತೇವೆ. ಆಮೇಲೆ ‘ಜನ ಆಸಕ್ತಿ ತೋರಿಸುವುದಿಲ್ಲ’ ಎಂದು ಗೊಣಗುತ್ತೇವೆ.

ನಾನು ತಿಪಟೂರು ಸೀಮೆಯವನು. ಅಪ್ಪ ಪತ್ರಿಕೆಯಲ್ಲಿ ಮೊದಲು ಹುಡುಕುತ್ತಿದ್ದುದು ಕೊಬ್ಬರಿ ಧಾರಣೆ. ಟೀ ಅಂಗಡಿಯಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಅಕ್ಷರ ಬಾರದವರೂ ಕ್ವಿಂಟಲಿಗೆ ಇಷ್ಟು ಎಂದು ಮನಸ್ಸಿನಲ್ಲಿಟ್ಟುಕೊಂಡು ಮಂಡಿಗೆ ಹೋಗುತ್ತಿದ್ದರು. ದಲ್ಲಾಳಿ ಕಡಿಮೆ ಹೇಳಿದರೆ, “ಪೇಪರ್‌ನಾಗೆ ಹಿಂಗಿಲ್ವಲ್ಲ ಸ್ವಾಮಿ” ಎನ್ನುತ್ತಿದ್ದರು. ಪತ್ರಿಕೆಗೂ ಊರಿನ ದುಡಿಮೆಗೂ ಇರುವ ನಂಟನ್ನು ನಾನು ಕಲಿತದ್ದು ಅಲ್ಲಿ.

ಆ ಹುಡುಗನಿಗೆ ಬೇಕಾದ ಧಾರಣೆ ಯಾವುದು? ಆ ವರ್ಷ ನ್ಯೂಜೆರ್ಸಿಯಲ್ಲಿ ಹೆಚ್ಚಿನ ಕೆಲಸಗಾರರಿಗೆ ಕನಿಷ್ಠ ಕೂಲಿ ಗಂಟೆಗೆ 15.13 ಡಾಲರ್. ಟಿಪ್ಸ್ ಪಡೆಯುವವರಿಗೆ ಮಾಲೀಕ ಕೈಯಿಂದ 5.26 ಡಾಲರ್ ಕೊಟ್ಟರೆ ನಡೆಯುತ್ತಿತ್ತು. ಆದರೆ ಟಿಪ್ಸ್ ಸೇರಿಯೂ ಪೂರ್ತಿ ಕನಿಷ್ಠ ಕೂಲಿ ಆಗದಿದ್ದರೆ ಉಳಿದದ್ದನ್ನು ಮಾಲೀಕನೇ ತುಂಬಬೇಕು. ಎರಡು ಗಂಟೆ ಮಾತಾಡಿದ ನಮ್ಮಲ್ಲಿ ಒಬ್ಬರೂ ಈ ಮೂರು ವಾಕ್ಯ ಹೇಳಲಿಲ್ಲ.

“ಮಾತಾಡುವುದೂ ಒಂದು ಆರಂಭವಲ್ಲವೇ?” ಎಂದು ಗೆಳೆಯರು ಕೇಳುತ್ತಾರೆ. ನಾನು ಅವರಿಗೆ ಕ್ಯಾಲಿಫೋರ್ನಿಯಾದ ಬೆಲ್ ಊರಿನ ಕಥೆ ಹೇಳುತ್ತೇನೆ. ಕೈಯಲ್ಲಿ ದುಡಿದು ತಿನ್ನುವವರೇ ಹೆಚ್ಚಿರುವ ಪುಟ್ಟ ಊರದು. ಅಲ್ಲಿನ ನಗರಾಡಳಿತದ ಮುಖ್ಯಸ್ಥ ರಾಬರ್ಟ್ ರಿಝೋ ವರ್ಷಕ್ಕೆ 7.8 ಲಕ್ಷ ಡಾಲರಿಗೂ ಹೆಚ್ಚು ಸಂಬಳ ಎಣಿಸುತ್ತಿದ್ದುದು ಊರಿನವರಿಗೇ ಗೊತ್ತಿರಲಿಲ್ಲ. 2010ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಲೆಕ್ಕ ಬಯಲಿಗಿಟ್ಟಿತು. ಆಮೇಲೆ ಜನ ತಾವಾಗಿಯೇ ನಗರಸಭೆಗೆ ನುಗ್ಗಿ ಪ್ರಶ್ನೆ ಕೇಳಿದರು. 2014ರಲ್ಲಿ ರಿಝೋಗೆ 12 ವರ್ಷ ಶಿಕ್ಷೆಯಾಯಿತು. ಅಲ್ಲಿ ವರದಿ ಮೊದಲು ಬಂತು, ಸಂವಾದ ಅದರ ಹಿಂದೆ ಬಂತು. ನಾವು ವರದಿಯನ್ನು ಕೈಬಿಟ್ಟು ಬರೀ ಸಂವಾದ ಹಿಡಿದುಕೊಂಡಿದ್ದೇವೆ.

ನಮ್ಮ ಕನ್ನಡ ಸಂಘಗಳನ್ನೂ ಬಿಡಲಾರೆ. ಯುಗಾದಿ ಸಂಚಿಕೆ ತೆರೆದರೆ ದಾನಿಗಳ ಫೋಟೋ, ಒಬ್ಬಟ್ಟಿನ ಊಟದ ವರ್ಣನೆ. ಆ ಒಬ್ಬಟ್ಟು ತಟ್ಟಿದವರಿಗೆ ಸಿಕ್ಕ ಕೂಲಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹೋಟೆಲ್ ಮಾಲೀಕರು ನಮ್ಮ ಜಾಹೀರಾತುದಾರರು, ಮುಚ್ಚುಮರೆ ಯಾಕೆ? ಎರಡು ವರ್ಷ ಅಂಥದೊಂದು ಸಂಚಿಕೆಯ ಸಂಪಾದಕನಾಗಿದ್ದ ನಾನೂ ಆ ಸಾಲು ಬರೆಯಲಿಲ್ಲ. ಜಾಹೀರಾತು ತಪ್ಪಿಹೋದೀತೆಂಬ ಅಂಜಿಕೆ.

ಹಣವಿಲ್ಲ ಎನ್ನುವ ನೆಪವನ್ನು ನಾನು ಒಪ್ಪುವುದಿಲ್ಲ. ಸ್ಥಳೀಯ ಸುದ್ದಿಗೆ ಸಾರ್ವಜನಿಕ ಹಣ ಹಂಚುವ ಸಂಸ್ಥೆಯೊಂದಕ್ಕೆ ನ್ಯೂಜೆರ್ಸಿ 2018ರಲ್ಲೇ ಕಾಯ್ದೆ ಮಾಡಿದೆ. ಕೊರತೆಯಿರುವುದು ಕೇಳುವ ಮನಸ್ಸಿಗೆ.

ಇನ್ನು ಮೇಲೆ ಸಂವಾದ ನಡೆಸುವವರು ಮೊದಲು ಹೋಟೆಲಿನವರ ಬಿಡುವು ಕೇಳಲಿ. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ, ಮೂರು ಗಂಟೆಗೆ, ಅಡುಗೆಮನೆಯ ಹಿಂಬಾಗಿಲಲ್ಲೇ ಆಗಲಿ. ಅವರು ಕಳೆದುಕೊಳ್ಳುವ ಗಂಟೆಗೆ ಕೂಲಿ ಕೊಡಲಿ. ಕನ್ನಡ, ತೆಲುಗು, ಸ್ಪ್ಯಾನಿಷ್, ಅವರಿಗೆ ಯಾವುದು ಬರುತ್ತದೋ ಆ ಭಾಷೆಯಲ್ಲಿ ಮಾತು ನಡೆಯಲಿ. ಕೇಳಿದ್ದು, ಹೆಸರು ಬಿಟ್ಟಾದರೂ ಸರಿ, ಅಂಕಿಸಂಖ್ಯೆ ಸಮೇತ ಅಚ್ಚಾಗಲಿ. ಇಷ್ಟು ಮಾಡಲಾಗದಿದ್ದರೆ ಸಭೆ ಬೇಡ, ಇಡ್ಲಿ ತಿಂದು ಮನೆಗೆ ಹೋಗೋಣ. ಹೋಗುವಾಗ ತಂದುಕೊಟ್ಟ ಹುಡುಗನಿಗೆ ಟಿಪ್ಸ್ ಕೊಡುವುದನ್ನಾದರೂ ಮರೆಯದಿರೋಣ. ಅಂದು ನಾನು ಮರೆತಿದ್ದೆ.