‘ಆಮೇಲೆ ಸರಿಮಾಡೋಣ’ ಅನ್ನೋದು ವಿಮಾನಕ್ಕೆ ನಡೆಯಲ್ಲ

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ದೇವಲಾಪುರದ ಹುಡುಗರು ಹಬ್ಬಕ್ಕೆ ಬಂದಾಗ ಟೀ ಅಂಗಡಿಯಲ್ಲಿ ಈ ಮಾತು ಬಂದೇ ಬರುತ್ತೆ: ತೇಜಸ್ ಅಜೈಲ್ ಪದ್ಧತಿಯಲ್ಲಿ ಮಾಡಿದ್ದರೆ ಯಾವತ್ತೋ ಮುಗೀತಿತ್ತು, ದಾಖಲೆ ಬರೆದೇ ವರ್ಷ ಕಳೆದರು. ಪತ್ರಕರ್ತರಾದ ನಾವೂ ‘ವಿಳಂಬ’ ಅಂತ ಶೀರ್ಷಿಕೆ ಕೊಟ್ಟು ಕೈತೊಳೆದುಕೊಂಡಿದ್ದೇವೆ.

ಎರಡು ವಾರಕ್ಕೊಮ್ಮೆ ಒಂದಿಷ್ಟು ಕೆಲಸ ಮುಗಿಸಿ, ತೋರಿಸಿ, ತಿದ್ದಿಕೊಳ್ಳುವುದು ಅಜೈಲ್. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಕೂತು ಅದರ ಪ್ರಣಾಳಿಕೆ ಬರೆದರು. ದಾಖಲೆ ಬೇಡ ಅಂತ ಅವರೇನೂ ಹೇಳಿರಲಿಲ್ಲ. ನಮ್ಮವರು ಹಾಗೆ ಕೇಳಿಸಿಕೊಂಡರು, ಅಷ್ಟೆ.

ಅದಕ್ಕೂ ಒಂದು ತಿಂಗಳ ಮುಂಚೆ, ಜನವರಿ 4ರಂದು, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ತೇಜಸ್ ಮೊದಲ ಸಲ ಹಾರಿತು, 18 ನಿಮಿಷ. ಅದು ತಾನಾಗಿ ಸ್ಥಿರವಾಗಿ ನಿಲ್ಲುವ ವಿಮಾನವಲ್ಲ. ಚುರುಕಾಗಿ ತಿರುಗಲಿ ಅಂತಲೇ ಹಾಗೆ ಮಾಡಿದ್ದು. ಕಂಪ್ಯೂಟರ್ ಕ್ಷಣಕ್ಷಣವೂ ಹಿಡಿದಿರಬೇಕು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧ ಬಿದ್ದು ಲಾಕ್‌ಹೀಡ್ ಮಾರ್ಟಿನ್ ಸಹಾಯ ನಿಂತಿತು. ಉಳಿದ ಪರೀಕ್ಷೆಯನ್ನು ಬೆಂಗಳೂರಿನವರೇ ಮುಗಿಸಬೇಕಾಯಿತು. ಪೈಲಟ್ ರಾಜೀವ್ ಕೋಠಿಯಾಲ್ ಕ್ಷೇಮವಾಗಿ ಇಳಿದರು. ಈ ತಡವನ್ನು ಆಡಿಕೊಳ್ಳುವುದು ನಮಗಂತೂ ಸರಿ ಕಾಣುವುದಿಲ್ಲ.

ಬೋಯಿಂಗ್ 737 ಮ್ಯಾಕ್ಸ್ ನೋಡಿ. ಅದು ಅಜೈಲ್‌ನಿಂದ ಬಿತ್ತು ಅಂತ ನಾವು ಹೇಳುತ್ತಿಲ್ಲ. ಆದರೆ ಮೂತಿಯನ್ನು ತಾನಾಗಿ ಕೆಳಗೊತ್ತುವ ಎಂಕ್ಯಾಸ್ ತಂತ್ರಾಂಶಕ್ಕೆ ಮೊದಲು ಒಂದು ಸಲಕ್ಕೆ ಬಾಲದ ರೆಕ್ಕೆಯನ್ನು 0.6 ಡಿಗ್ರಿ ತಿರುಗಿಸುವ ಅಧಿಕಾರವಿತ್ತು, ಆಮೇಲೆ ಅದು 2.5 ಡಿಗ್ರಿ ಆಯಿತು. ನಂಬಿದ್ದು ಒಂದೇ ಸಂವೇದಕವನ್ನು. ಬದಲಾವಣೆ ಮುಂದೆ ಹೋಯಿತು, ಸುರಕ್ಷತೆಯ ಕಾಗದ ಹಿಂದೆ ಉಳಿಯಿತು. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ 189, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ 157 ಜನ ಹೋದರು. ದಾಖಲೆ ದಂಡ ಅನ್ನುವವರು ಈ ಲೆಕ್ಕಕ್ಕೆ ಏನಂತಾರೆ?

ನಾಗರಿಕ ವಿಮಾನಗಳ ತಂತ್ರಾಂಶಕ್ಕಿರುವ ಡಿಒ-178ಸಿ ಮಾನದಂಡ ಇಂಥದ್ದೇ ಪದ್ಧತಿ ಬೇಕು ಅನ್ನುವುದಿಲ್ಲ. ಸ್ಪ್ರಿಂಟ್ ಮಾಡಿ, ದಿನಾ ನಿಂತುಕೊಂಡೇ ಮೀಟಿಂಗ್ ಮಾಡಿ, ಯಾರೂ ತಡೆಯಲ್ಲ. ಸಣ್ಣ ಸಣ್ಣದಾಗಿ ಮಾಡಿದರೆ ತಪ್ಪು ಬೇಗ ಸಿಗುತ್ತೆ, ಅದೂ ನಿಜ. ಆದರೆ ಕೆಟ್ಟರೆ ವಿಮಾನವನ್ನೇ ಬೀಳಿಸಬಲ್ಲ ಭಾಗದಲ್ಲಿ ಪ್ರತಿ ಬೇಡಿಕೆಯಿಂದ ಕೋಡ್‌ಗೆ, ಕೋಡ್‌ನಿಂದ ಪರೀಕ್ಷೆಗೆ ಕೊಂಡಿ ತೋರಿಸಬೇಕು. ಬರೆದವನೇ ತಪಾಸಣೆ ಮಾಡಿ ಸಹಿ ಹಾಕುವಂತಿಲ್ಲ. ಎರಡು ವಾರಕ್ಕೊಮ್ಮೆ ಬದಲಾಯಿಸಿದರೆ ತಾಗಿದ ಕೊಂಡಿಗಳನ್ನೆಲ್ಲ ಮತ್ತೆ ನೋಡಬೇಕು. ಆ ಗಂಟೆಗಳಿಗೆ ಜನ ಮತ್ತು ದುಡ್ಡು ಕೊಡದೆ ಬರೀ ವೇಗ ಕೇಳುವ ಮ್ಯಾನೇಜರ್‌ಗಳ ಮೇಲೆ ನಮ್ಮ ತಕರಾರು.

ಮುಂದಿನ ಹಬ್ಬಕ್ಕೆ ಅದೇ ಮಾತು ಬಂದರೆ ನಾವು ಕೇಳುವುದು ಇಷ್ಟೆ: ನಿನ್ನ ಸ್ಪ್ರಿಂಟ್‌ನಲ್ಲಿ ಬದಲಾದ ಸಾಲಿಗೆ ಸುರಕ್ಷತಾ ವಿಶ್ಲೇಷಣೆ ಮತ್ತೆ ಬರೆದವರು ಯಾರಪ್ಪ?